ಸೋದರಮಾವನ ಹಲ್ಲು

ನಮ್ಮ ಕಡೆ ಕೂಸಿಗೆ ಮೊದಲು ಕೆಳಗಿನ ಹಲ್ಲು ಬರಬೇಕು. ಮೇಲಿನದು ಮೊದಲು ಬಂದರೆ ಸೋದರಮಾವನಿಗೆ ಆಗುವುದಿಲ್ಲ ಎನ್ನುತ್ತಾರೆ. ಆಗುವುದಿಲ್ಲ ಎಂದರೆ ಏನಾಗುತ್ತದೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಹೇಳದೆ ಇರುವುದರಿಂದಲೇ ಹೆದರಿಕೆ ಹೆಚ್ಚು. ನನ್ನ ಅಕ್ಕನ ಮಗಳಿಗೆ ಮೇಲಿನ ಹಲ್ಲು ಮೊದಲು ಬಂತು. ಅವಳಿಗಿದ್ದ ಒಬ್ಬನೇ ಸೋದರಮಾವ ನಾನು.

ಆಗ ನಾನು ಹೈಸ್ಕೂಲು ಮುಗಿಸಿ ಸುಳ್ಯ ಮತ್ತು ಮಂಡೆಕೋಲಿನ ನಡುವೆ ಬಾಡಿಗೆ ಜೀಪು ಓಡಿಸುತ್ತಿದ್ದೆ. ಮದುವೆ ನಿಶ್ಚಯವಾಗಿತ್ತು. ಅಕ್ಕ ಹೆರಿಗೆಗೆಂದು ಬಂದವಳು ಇನ್ನೂ ನಮ್ಮ ಮನೆಯಲ್ಲೇ ಇದ್ದಳು. ಕಡಬದಲ್ಲಿ ಭಾವ ಹೊಸ ಮನೆ ಕಟ್ಟಿಸುತ್ತಿದ್ದರು, ಅದು ಮುಗಿದ ಮೇಲೆ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಒಂದು ಬೆಳಿಗ್ಗೆ ಅಮ್ಮ ಕೂಸಿನ ಬಾಯಿ ಒರೆಸುತ್ತಿದ್ದವರು ಥಟ್ಟನೆ ಕೈ ನಿಲ್ಲಿಸಿದರು. ಮೇಲಿನ ಒಸಡಿನ ನಡುವೆ ಎರಡು ಬಿಳಿ ಗುರುತು. ಕೆಳಗಿನ ಒಸಡು ಖಾಲಿ.

ಅದಕ್ಕೊಂದು ಪರಿಹಾರವಿತ್ತು. ಕಂಚಿನ ಬಟ್ಟಲಿನಲ್ಲಿ ಎಣ್ಣೆ ತುಂಬಿಸಿ, ಕೂಸನ್ನು ಅದರ ಮೇಲೆ ಬಾಗಿಸಿ ಹಿಡಿದು, ಸೋದರಮಾವ ಅದರ ಮುಖವನ್ನು ಎಣ್ಣೆಯಲ್ಲಿ ನೋಡಬೇಕು. ನೋಡಿದೆ. ಕೂಸು ಎಣ್ಣೆಗೆ ಕೈ ಹಾಕಿ ನನ್ನ ಅಂಗಿಗೆ ಸಿಡಿಸಿತು, ಎಲ್ಲರೂ ನಕ್ಕರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅದರ ಮರುವಾರವೇ ನನ್ನ ಜೀಪು ಒಂದು ತಿರುವಿನಲ್ಲಿ ಜಾರಿ ಚರಂಡಿಗೆ ಇಳಿಯಿತು. ಗಲ್ಲ ಒಡೆಯಿತು. ಜೀಪು ರಿಪೇರಿಯಾಗಿ ಬಂದು ಸ್ವಲ್ಪ ದಿನಕ್ಕೆ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಮಣ್ಣಿನ ದಿಬ್ಬಕ್ಕೆ ಗುದ್ದಿಸಿ ನಿಲ್ಲಿಸಿದೆ. ಆ ಜೀಪಿನ ಬ್ರೇಕು ಮೊದಲಿನಿಂದಲೂ ಸರಿ ಇರಲಿಲ್ಲ, ಅದು ನನಗೆ ಗೊತ್ತಿತ್ತು. ಆದರೂ ಅಮ್ಮ ಕೂಸಿನ ಬಾಯಿಯನ್ನೇ ನೋಡುತ್ತಿದ್ದರು. ನಾನೂ ನೋಡತೊಡಗಿದೆ.

ಒಂದು ಮಧ್ಯಾಹ್ನ ಅಕ್ಕ ಬಟ್ಟೆ ಒಗೆಯಲು ತೋಡಿಗೆ ಹೋಗಿದ್ದಳು. ಅಮ್ಮ ಕೊಟ್ಟಿಗೆಯಲ್ಲಿದ್ದರು. ಕೂಸು ಜಗಲಿಯ ಚಾಪೆಯಲ್ಲಿ ಆಡುತ್ತಿತ್ತು. ಜೀಪಿನ ಸೀಟು ಹೊಲಿಯಲು ತಂದ ದಬ್ಬಣ ನನ್ನ ಕೈಯಲ್ಲಿತ್ತು. ಗೋಣಿ ಹೊಲಿಯುವ ದಪ್ಪ ಸೂಜಿ. ಅದನ್ನು ಒಲೆಯ ಕೆಂಡದಲ್ಲಿ ಹಿಡಿದೆ, ತಣಿಯಲು ಬಿಟ್ಟೆ. ಶುದ್ಧ ಮಾಡಿದೆ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಕೂಸಿನ ಬಾಯಿ ತೆರೆಸಿ ಆ ಬಿಳಿ ಗುರುತಿನ ಬುಡಕ್ಕೆ ಚುಚ್ಚಿ ಎಬ್ಬಿಸಲು ನೋಡಿದೆ. ಕೂಸು ತಲೆ ಕೊಡವಿತು, ದಬ್ಬಣ ಜಾರಿತು. ರಕ್ತ ಬಂತು. ಅದರ ಕೂಗಿಗೆ ಅಕ್ಕ ಒದ್ದೆ ಬಟ್ಟೆಯನ್ನು ಅಲ್ಲಿಯೇ ಬಿಟ್ಟು ಓಡಿಬಂದಳು.

ನಾನು ಹೇಳಿದೆ: "ನೀನು ಜಗಲಿಯ ಅಂಚಿನಲ್ಲಿ ಬಿಟ್ಟು ಹೋದದ್ದು ಎಂತಕ್ಕೆ? ಉರುಳಿ ಕೆಳಗೆ ಬಿತ್ತು."

ನಮ್ಮ ಮನೆಮಾತು ಅರೆಭಾಷೆ. ಎಲ್ಲರಿಗೂ ತಿಳಿಯಲಿ ಎಂದು ಕನ್ನಡದಲ್ಲಿ ಬರೆದಿದ್ದೇನೆ. ಯಾವ ಭಾಷೆಯಲ್ಲಿ ಬರೆದರೂ ಅದು ಸುಳ್ಳೇ.

ಅಕ್ಕ ನನ್ನನ್ನೊಮ್ಮೆ ನೋಡಿದಳು, ಕೂಸನ್ನು ಎತ್ತಿಕೊಂಡಳು, ಏನೂ ಹೇಳಲಿಲ್ಲ. ಆ ಎರಡು ಹಲ್ಲುಗಳು ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಸ್ವಲ್ಪ ತಡವಾಗಿ ಬಂದವು. ನನಗೂ ಏನೂ ಆಗಲಿಲ್ಲ. ಮದುವೆಯಾಯಿತು, ಮಕ್ಕಳಾದರು, ಜೀಪು ಮಾರಿ ಬೇರೆ ಜೀಪು ತೆಗೆದುಕೊಂಡೆ. ಮುಗಿಯಿತು ಎಂದುಕೊಂಡಿದ್ದೆ.

ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ವಯಸ್ಸಿನಲ್ಲಿ ಅದು ತಿರುಗಿ ಬಂತು. ಸೊಸೆಗೆ, ಎಂದರೆ ಅಕ್ಕನ ಆ ಮಗಳಿಗೆ, ಮುಂದಿನ ಎರಡು ಹಲ್ಲು ಚೆನ್ನಾಗಿಯೇ ಬಂದವು. ಅವುಗಳ ಬಲಮಗ್ಗುಲಿನ ಹಲ್ಲು ಬರಲೇ ಇಲ್ಲ. ಅಲ್ಲಿ ಕಿಂಡಿ ಉಳಿಯಿತು. ಶಾಲೆಯ ಮಕ್ಕಳು ಗೇಟು ಎಂದರು. ಅವಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯಲು ಕಲಿತಳು. ಕಡಬದ ಮನೆಯಲ್ಲಿ ಅಕ್ಕನ ನಾದಿನಿಯೊಬ್ಬಳಿದ್ದಳು, ಬಾಯಿ ಜೋರು. ಮನೆಗೆ ಯಾರೇ ಬರಲಿ, "ಹೆತ್ತವಳು ಜಗಲಿಯಿಂದ ಬೀಳಿಸಿದ್ದು, ಹಾಗೆ ಹಲ್ಲು ಬರ್ಲಿಲ್ಲ" ಎನ್ನುತ್ತಿದ್ದಳು. ಸೊಸೆ ಅದನ್ನೇ ಕೇಳಿ ಬೆಳೆದಳು. ದೊಡ್ಡವಳಾದ ಮೇಲೆ ಸಿಟ್ಟು ಬಂದಾಗಲೆಲ್ಲ ಅವಳೂ ತಾಯಿಗೆ ಅದನ್ನೇ ಹೇಳಿದಳು. ನಾನು ಎಷ್ಟೋ ಸಲ ಎದುರಿಗೇ ಇದ್ದೆ, ಕಾಫಿ ಕುಡಿಯುತ್ತಾ.

ನಾನೇ ಕಾರಣ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಹಲ್ಲನ್ನು ಸೀಳಿ ತೋರಿಸಿದ ಚಿತ್ರವಿತ್ತು. ಬೇರಿನ ತುದಿಯಿಂದ ಹಳದಿ ದಾರದ ಹಾಗೆ ನರ ಒಳಗೆ ಹೋಗುತ್ತಿತ್ತು. ಗಿಡಕ್ಕೆ ಬೇರಿನ ಹಾಗೆ ಹಲ್ಲನ್ನು ಬೆಳೆಸುವುದು ಆ ನರವೇ ಎಂದು ನಾನು ತಿಳಿದಿದ್ದೆ. ಮುಂದೆ ಒಮ್ಮೆ ಜೀಪಿನಲ್ಲಿ ಕಟ್ಟುಹಲ್ಲು ಮಾಡುವ ಒಬ್ಬ ಮನುಷ್ಯ ಬಂದಿದ್ದ. ಯಾರದೋ ವಿಷಯ ಎಂಬಂತೆ ಅವನನ್ನು ಕೇಳಿದೆ. "ನರ ಸತ್ತರೆ ಹಲ್ಲು ಎಲ್ಲಿಂದ ಬರ್ತದೆ ಮಾರಾಯ್ರೆ?" ಎಂದ. ದಬ್ಬಣ ಜಾರಿದಾಗ ನರಕ್ಕೆ ತಾಗಿದೆ, ಕೂಸಿನ ನರವನ್ನು ನಾನು ಕೊಂದಿದ್ದೇನೆ. ಹೀಗೆ ಅದು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತಿತು. ಸೊಸೆಯ ಹತ್ತಿರ ಮಾತಾಡುವಾಗ ಅವಳ ಕಿವಿಯನ್ನೋ ಕೈಬಳೆಯನ್ನೋ ನೋಡಿ ಮಾತಾಡುವುದು ಅಭ್ಯಾಸವಾಯಿತು.

ಈಗ ಸೊಸೆಯ ಕೂದಲಲ್ಲೂ ಬೆಳ್ಳಿ ಉಂಟು. ಅಕ್ಕ ಕಡಬದಲ್ಲಿ ಅವಳ ಜೊತೆಗೇ ಇದ್ದಾಳೆ. ಕಳೆದ ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ ಸೊಸೆ ಹೇಳಿದಳು: "ಮಾವ, ನಾಳೆ ಪುತ್ತೂರಿಗೆ ಹೋಗುದು. ಅಮ್ಮನ ಹಲ್ಲಿನ ಸೆಟ್ಟು ಸಡಿಲ ಆಗಿದೆ. ನೀವು ಬಂದ್ರೆ ಮಾತ್ರ ಕುರ್ಚಿಯಲ್ಲಿ ಕೂರ್ತಾರಂತೆ."

"ಡ್ರಿಲ್ಲು ತೆಗೆದ್ರೆ ಓಡ್ಲಿಕ್ಕೆ ಒಬ್ಬ ಡ್ರೈವರ್ ಬೇಕಲ್ಲ?" ಎಂದಳು ಅಕ್ಕ.

"ಡ್ರೈವರ್ ನಾನೇ ಅಮ್ಮ. ಮಾವನಿಗೆ ಈಗ ಲೈಸನ್ಸೂ ಇಲ್ಲ, ಕಣ್ಣೂ ಇಲ್ಲ."

ಮೊಮ್ಮಗಳನ್ನೂ, ಎಂದರೆ ಸೊಸೆಯ ಮಗಳನ್ನೂ, ತೋರಿಸುವುದಿತ್ತು. ಅವಳು ಹೈಸ್ಕೂಲಿಗೆ ಹೋಗುವ ಹುಡುಗಿ. ಮುಂದಿನ ಎರಡು ಹಲ್ಲಿನ ಎರಡೂ ಮಗ್ಗುಲಲ್ಲಿ ಅವಳಿಗೆ ಹಲ್ಲು ಬಂದಿರಲಿಲ್ಲ. ಅದನ್ನು ನಾನು ಆ ದಿನ ಕಾರಿನಲ್ಲಿ ಕುಳಿತ ಮೇಲೆಯೇ ಸರಿಯಾಗಿ ನೋಡಿದ್ದು.

ಪುತ್ತೂರಿನ ಕ್ಲಿನಿಕ್ಕಿನ ಡಾಕ್ಟರು ತಲೆಗೆ ಬಟ್ಟೆ ಸುತ್ತಿಕೊಂಡ, ಬ್ಯಾರಿ ಮುಸ್ಲಿಮರ ಹೆಣ್ಣುಮಗಳು. ಊರು ಕೇಳಿದರೆ ಸುಳ್ಯದ ಕಡೆ. ಒಣಮೀನಿನ ಬುಟ್ಟಿ ಹಿಡಿದುಕೊಂಡು ನನ್ನ ಜೀಪು ಹತ್ತುತ್ತಿದ್ದ ಒಬ್ಬರ ಮೊಮ್ಮಗಳು ಎಂದು ತಿಳಿಯಿತು. "ಅಜ್ಜ ಹೇಳ್ತಿದ್ರು, ಆ ಜೀಪಿಗೆ ಬ್ರೇಕ್ ಇರ್ಲಿಲ್ಲ ಅಂತ" ಎಂದು ನಕ್ಕಳು. ಅಕ್ಕನ ಸೆಟ್ಟನ್ನು ಉಜ್ಜಿ ಸರಿ ಮಾಡಿದಳು. ಆಮೇಲೆ ಹುಡುಗಿಯ ಬಾಯಿ ನೋಡಿದಳು. ಇಡೀ ದವಡೆಯ ಎಕ್ಸ್‌ರೇ ತೆಗೆಯಬೇಕೆಂದಳು. ಸೊಸೆ ಮಾತಾಡುವಾಗ ಅವಳ ಬಾಯನ್ನೂ ಗಮನಿಸಿ, "ನಿಮಗೂ ಒಂದು ಹಲ್ಲಿಲ್ಲ. ಕೀಳಿಸಿದ್ದಾ?" ಎಂದು ಕೇಳಿದಳು.

"ಇಲ್ಲ. ಕೂಸಾಗಿದ್ದಾಗ ಅಮ್ಮ ಜಗಲಿಯಿಂದ ಬೀಳಿಸಿದ್ದು, ಹಾಗೆ ಬರ್ಲಿಲ್ಲ. ಆದ್ರೆ ಇವಳು ಎಲ್ಲಿಯೂ ಬೀಳ್ಲಿಲ್ಲ ಡಾಕ್ಟ್ರೇ. ಇವಳಿಗೆ ಎಂತಕ್ಕೆ ಹೀಗೆ?"

"ಎಷ್ಟು ಎತ್ತರದಿಂದ ಬಿದ್ದದ್ದು? ಆಗ ಬಾಯಲ್ಲಿ ಎಂತಾಗಿತ್ತು?" ಡಾಕ್ಟರು ಅಕ್ಕನ ಕಡೆ ತಿರುಗಿದಳು.

ಅಕ್ಕ ಮೊಣಕಾಲ ಮೇಲೆ ಸೆರಗು ಸರಿಮಾಡಿಕೊಳ್ಳುತ್ತಾ ಕೆಳಗೆ ನೋಡಿದಳು. ಹಲ್ಲು ಬದಲಾಯಿಸುವಷ್ಟು ವಯಸ್ಸಾದರೂ ಅವಳು ಬದಲಾಯಿಸದ ಉತ್ತರ ಅದು: ಸುಮ್ಮನಿರುವುದು. ಈಗ ನಾನೂ ಸುಮ್ಮನಿದ್ದರೆ ಡಾಕ್ಟರು ಆ ಸುಳ್ಳನ್ನೇ ನಂಬಿ ಹುಡುಗಿಗೆ ಮದ್ದು ಮಾಡುತ್ತಾಳೆ ಎಂದು ನನಗೆ ಕಂಡಿತು.

"ಬಿದ್ದದ್ದಲ್ಲ" ಎಂದೆ. "ನಾನು ದಬ್ಬಣದಲ್ಲಿ ಚುಚ್ಚಿದ್ದು."

ಎಲ್ಲವನ್ನೂ ಹೇಳಿದೆ. ಮೇಲಿನ ಹಲ್ಲು, ಎಣ್ಣೆಯ ಬಟ್ಟಲು, ಜೀಪು, ಅಕ್ಕನ ಮೇಲೆ ಹಾಕಿದ ಸುಳ್ಳು. ಸೊಸೆ ಕಿಟಕಿಯ ಕಡೆ ತಿರುಗಿ ನಿಂತಳು. ಹುಡುಗಿ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಕೇಳಿದಳು. ಡಾಕ್ಟರಿಗೆ ಸಿಟ್ಟು ಬಂದದ್ದು ಕಂಡಿತು. "ಅಜ್ಜ, ಅದರಿಂದ ಕೂಸಿನ ಜೀವಕ್ಕೇ ಅಪಾಯ ಆಗ್ತಿತ್ತು. ಒಳಗಿನ ಹೊಸ ಹಲ್ಲಿನ ಮೊಗ್ಗೂ ಹಾಳಾಗ್ತದೆ. ಈಗ್ಲೂ ಕೆಲವರು ಮಾಡ್ತಾರೆ, ಮಾಡಬಾರ್ದು" ಎಂದಳು. ಆಮೇಲೆ, "ನಿಮ್ಮ ಬೆರಳಲ್ಲಿ ತೋರಿಸಿ, ಎಲ್ಲಿ ಚುಚ್ಚಿದ್ದು?" ಎಂದಳು.

ನನ್ನ ಒಸಡನ್ನು ಮುಟ್ಟಿ ತೋರಿಸಿದೆ. ನಡುವೆ ಚುಚ್ಚಿದ್ದು, ಬದಿಗೆ ಜಾರಿದ್ದು. "ಅಲ್ಲಿ ನರ ಸತ್ತಿರಬೇಕು" ಎಂದೆ. "ನರ ಇಲ್ಲದೆ ಹಲ್ಲು ಬರುದಿಲ್ಲವಲ್ಲ."

"ಯಾರು ಹೇಳಿದ್ದು? ನೀವು ತಲೆಕೆಳಗೆ ಹಿಡಿದಿದ್ದೀರಿ. ನರ ಹಲ್ಲನ್ನು ತರುದಲ್ಲ, ಹಲ್ಲೇ ನರವನ್ನು ಕರೆಯುದು."

ಅವಳು ಮೇಲಿನ ಓದಿಗೆ ಹೋಗಿದ್ದಾಗ ಇದನ್ನೇ ಓದಿದ್ದಳಂತೆ. ನನಗೆ ತಿಳಿಯುವ ಹಾಗೆ ಹೇಳಿದಳು. ತಾಯಿಯ ಹೊಟ್ಟೆಯೊಳಗೆ ಇರುವಾಗಲೇ ಒಸಡಿನ ಮೇಲಿನ ಪದರು ಒಂದು ಕಡೆ ಒಳಗೆ ಇಳಿಯುತ್ತದೆ. ಅದರ ಅಡಿಯ ಜೀವಕೋಶಗಳು ಅಲ್ಲಿ ಗುಂಪು ಸೇರುತ್ತವೆ. ಅದೇ ಹಲ್ಲಿನ ಮೊಗ್ಗು. ಆ ಕೋಶಗಳು ಪ್ರೋಟೀನುಗಳ ಮೂಲಕ ಒಂದಕ್ಕೊಂದು ಸುದ್ದಿ ಕಳಿಸುತ್ತವೆ. ಅವುಗಳಲ್ಲಿ ಕೆಲವಕ್ಕೆ ನರ ಬೆಳೆಸುವ ಪ್ರೋಟೀನು ಎಂದು ಹೆಸರು, ಏಕೆಂದರೆ ಮೊದಲು ಅವು ಕಂಡದ್ದು ನರದ ಕೆಲಸದಲ್ಲಿ.

"ಆದ್ರೆ ಹಲ್ಲಿನ ಮೊಗ್ಗಿನಲ್ಲಿ ಅವು ನರ ಬರುವ ಮೊದಲೇ ಉಂಟು" ಎಂದಳು.

"ನರವೇ ಇಲ್ಲದ ಜಾಗದಲ್ಲಿ ಅವಕ್ಕೆ ಎಂತ ಕೆಲಸ?"

"ಅಲ್ವಾ? ನಾನೂ ಅದನ್ನೇ ಕೇಳಿದ್ದು. ಕೋಶ ಹೆಚ್ಚಾಗ್ಲಿಕ್ಕೆ, ಯಾವ ಕೋಶ ಯಾವ ಕೆಲಸ ಹಿಡಿಬೇಕು ಅನ್ನುದಕ್ಕೆ ಸಹಾಯ ಮಾಡ್ತವೆ ಅಂತ ಕಾಣ್ತದೆ. ಪೂರ್ತಿ ಯಾರಿಗೂ ಗೊತ್ತಿಲ್ಲ ಅಜ್ಜ. ಹಲ್ಲು ಗಟ್ಟಿಯಾಗ್ಲಿಕ್ಕೆ ಸುರುವಾದ ಮೇಲೆ ನರ ಒಳಗೆ ಬರುದು. ಆಗ ಅದನ್ನು ದಾರಿ ತೋರಿಸಿ ಕರ್ಕೊಂಡು ಬರುದೂ ಇಂಥ ಪ್ರೋಟೀನೇ. ನಿಮ್ಮ ಮಂಡೆಕೋಲಿನಲ್ಲಿ ಮೊದಲು ಮನೆ ಕಟ್ಟಿದ್ದಾ, ಕರೆಂಟಿನ ಕಂಬ ಬಂದದ್ದಾ?"

"ಮನೆ. ಕಂಬ ಬರುವಾಗ ಮನೆಗೆ ಮುದಿ ವಯಸ್ಸು."

"ಹಾಗೆಯೇ."

ಮನೆ ಮೊದಲು, ಕರೆಂಟು ಆಮೇಲೆ. ಇಷ್ಟು ಸಣ್ಣ ಮಾತು ನನ್ನೊಳಗಿನ ಹಳದಿ ದಾರವನ್ನು ಕತ್ತರಿಸಿತು. ಆದರೆ ಇನ್ನೂ ಒಂದು ಉಳಿದಿತ್ತು. ನರ ಅಲ್ಲದಿದ್ದರೆ ಮೊಗ್ಗನ್ನೇ ಕೊಂದಿರಬಹುದಲ್ಲ? ಅದನ್ನು ಅವಳೇ ಹೇಳಿದ್ದಳಲ್ಲ?

ತಾಯಿ, ಮಗಳು ಇಬ್ಬರದೂ ಎಕ್ಸ್‌ರೇ ತೆಗೆದರು. ಯಂತ್ರ ಅವರ ತಲೆಯ ಸುತ್ತ ಮೆಲ್ಲನೆ ತಿರುಗಿತು. ಹೊರಗಿನ ಬೆಂಚಿನಲ್ಲಿ ನಾನು, ಅಕ್ಕ ಕುಳಿತಿದ್ದೆವು. ಅವಳು ಹೊಸದಾಗಿ ಸರಿಮಾಡಿದ ಸೆಟ್ಟನ್ನು ನಾಲಗೆಯಿಂದ ತಡವಿ ನೋಡುತ್ತಿದ್ದಳು.

ಪರದೆಯಲ್ಲಿ ಹುಡುಗಿಯ ಹಲ್ಲುಗಳು ಬೆಳ್ಳಗೆ ಸಾಲಾಗಿ ಕಂಡವು. ಬರಬೇಕಾದ ಎರಡು ಕಡೆ ಖಾಲಿ. ಮೊಗ್ಗೇ ಆಗಿಲ್ಲ ಎಂದಳು ಡಾಕ್ಟರು. ಮೊಗ್ಗು ಕಟ್ಟುವಾಗ ಕೋಶಗಳ ನಡುವೆ ಓಡಾಡುವ ಸುದ್ದಿ ಹಲವು, ಅದರಲ್ಲಿ ಯಾವುದು ತಪ್ಪಿತೋ ಹೇಳಲಾಗದು, ನರದ ಪ್ರೋಟೀನಿನದೇ ತಪ್ಪು ಎಂದೂ ಹೇಳಲಾಗದು, ಆದರೆ ಈ ಮಗ್ಗುಲ ಹಲ್ಲು ಹೀಗೆ ಇಲ್ಲದಿರುವುದು ಹೆಚ್ಚಾಗಿ ಮನೆತನದಲ್ಲಿ ಇಳಿದು ಬರುತ್ತದೆ ಎಂದಳು. ಸೊಸೆಯದನ್ನು ತೋರಿಸಿದಳು. ಬಲಗಡೆ ಖಾಲಿ. ಎಡಗಡೆ ಅದೇ ಹಲ್ಲು ಉಂಟು, ಆದರೆ ಅಕ್ಕಿಕಾಳಿನ ಹಾಗೆ ಸಪೂರ, ಚೂಪು.

"ಇಲ್ಲಿ ಅಜ್ಜನ ದಬ್ಬಣ ಮುಟ್ಟಿಲ್ಲ. ಆದ್ರೂ ಹಲ್ಲು ಅರ್ಧವೇ ಆಗಿದೆ. ಹಲ್ಲು ಇಲ್ಲದ್ದೂ ಅರ್ಧ ಆದದ್ದೂ ಒಂದೇ ಮನೆತನದ ಗುರುತು. ಅಜ್ಜಿಗೆ ಹೇಗಿತ್ತು?"

ಅಕ್ಕ ಸೆಟ್ಟನ್ನು ತಟ್ಟಿ ತೋರಿಸಿದಳು. "ನನ್ನದು ಎಲ್ಲ ಹೋಗಿ ಎಷ್ಟೋ ಕಾಲ ಆಯ್ತು. ಅದೋ ಅವನದ್ದು ನೋಡಿ. ಸಣ್ಣವನಿರುವಾಗ ಒಂದು ಚೂಪು ಹಲ್ಲಿತ್ತು. ನಾವು ಇಲಿ ಅಂತ ಕರೀತಿದ್ದದ್ದು."

ಡಾಕ್ಟರು ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು. "ಅಜ್ಜ, ಮೀಸೆ ಸ್ವಲ್ಪ ಎತ್ತಿ."

ಎತ್ತಿದೆ. ಮೀಸೆ ಬಂದ ಮೇಲೆ ನಾನೇ ಮರೆತುಬಿಟ್ಟಿದ್ದ ಹಲ್ಲು. ಮುಂದಿನ ಹಲ್ಲಿನ ಮಗ್ಗುಲಲ್ಲಿ, ಅಕ್ಕಿಕಾಳಿನಷ್ಟು. ಹುಡುಗಿ ಬಗ್ಗಿ ನೋಡಿ, "ಅಮ್ಮ, ನಿಂದೇ ಹಲ್ಲು ಅಜ್ಜನ ಬಾಯಲ್ಲಿ ಉಂಟು!" ಎಂದಳು. ಡಾಕ್ಟರೂ ನಕ್ಕಳು. ನನಗೆ ನಗಲಾಗಲಿಲ್ಲ, ಬಾಯಿಯಲ್ಲಿ ಅವಳ ಕನ್ನಡಿ ಇತ್ತು. ಕಣ್ಣಲ್ಲಿ ನೀರು ಬಂದು ಕಿವಿಗೆ ಇಳಿಯಿತು. ದೀಪದ ಬೆಳಕಿಗೆ ಬಂದದ್ದು ಎಂದು ಅವರು ತಿಳಿದಿರಬಹುದು.

"ಪೂರ್ತಿ ಬಿಟ್ಟುಬಿಡುದಿಲ್ಲ ನಿಮ್ಮನ್ನು" ಎಂದಳು ಡಾಕ್ಟರು. ಸೊಸೆಯ ಮುಂದಿನ ಹಲ್ಲಿನಲ್ಲಿ ಕಂದು ಬಣ್ಣದ ಸಣ್ಣ ಚುಕ್ಕೆಯೊಂದನ್ನು ತೋರಿಸಿದಳು. ಎಳ್ಳಿನಷ್ಟು. ದಬ್ಬಣ ಹೋದ ಜಾಗ ಅದೇ, ಆಗ ಒಳಗೆ ಆ ಹಲ್ಲು ಗಟ್ಟಿಯಾಗುತ್ತಿದ್ದ ಸಮಯ. "ಇದು ನಿಮ್ಮದಿರಬಹುದು."

ಅದನ್ನು ನಾನು ಒಪ್ಪಿಕೊಂಡೆ. ನನ್ನ ತಪ್ಪಿಗೆ ಅಳತೆಯೊಂದು ಸಿಕ್ಕಿದ್ದು ಅದೇ ಮೊದಲು.

ಹುಡುಗಿಯ ಹಲ್ಲಿಗೆ ತಂತಿ ಹಾಕಿ ಜಾಗ ಸರಿಮಾಡುವುದು, ದೊಡ್ಡವಳಾದ ಮೇಲೆ ಹಲ್ಲು ಕೂರಿಸುವುದು ಎಂದು ತೀರ್ಮಾನವಾಯಿತು. ಹೊರಟೆವು. ಕಾರು ಓಡಿಸುತ್ತಿದ್ದವಳು ಸೊಸೆ. ಸವಣೂರು ತಲುಪಿದಾಗ ಬೊಂಡದ, ಎಂದರೆ ಎಳನೀರಿನ, ಅಂಗಡಿಯ ಹತ್ತಿರ ನಿಲ್ಲಿಸಿದಳು. ನನ್ನ ಕೈಗೆ ಬೊಂಡ ಕೊಡುತ್ತಾ ಹೇಳಿದಳು:

"ನಿಮ್ಮ ದಬ್ಬಣದಿಂದ ಆದದ್ದು ಒಂದು ಚುಕ್ಕೆ ಮಾವ. ನಿಮ್ಮ ಮಾತಿನಿಂದ ನಾನು ಅಮ್ಮನಿಗೆ ಎಂತೆಂತ ಹೇಳಿದ್ದೇನೆ, ಗೊತ್ತುಂಟಾ ನಿಮಗೆ?"

"ಗೊತ್ತುಂಟು. ನಾನು ಅಲ್ಲಿಯೇ ಇದ್ದೆ."

"ಅದೇ ನನಗೆ ತಡೀಲಿಕ್ಕೆ ಆಗುದಿಲ್ಲ. ಅಲ್ಲಿಯೇ ಇದ್ರಿ!"

ಹಿಂದಿನ ಸೀಟಿನಿಂದ ಅಕ್ಕ ಹೇಳಿದಳು: "ಅವನಿಗೆ ಬಯ್ಯಬೇಡ. ನನಗೆ ಆ ದಿನವೇ ಗೊತ್ತಿತ್ತು."

ನಾನು ತಿರುಗಿ ನೋಡಿದೆ.

"ಕೂಸು ಬಿದ್ರೆ ತುಟಿ ಒಡೀತದೆ, ಹಣೆ ಊದ್ತದೆ. ಒಸಡಲ್ಲಿ ಮಾತ್ರ ತೂತಾಗ್ತದಾ ಮಾರಾಯ? ನನಗೆ ಕಣ್ಣಿರ್ಲಿಲ್ವಾ?"

"ಮತ್ತೆ ಎಂತಕ್ಕೆ ಹೇಳ್ಲಿಲ್ಲ ಅಕ್ಕ?"

ಅವಳು ಬೊಂಡದ ನಳಿಗೆಯನ್ನು ಬೆರಳಲ್ಲಿ ತಿರುಗಿಸಿದಳು. "ನಿನ್ನ ಮದುವೆ ಗೊತ್ತಾಗಿತ್ತು. ಮತ್ತೆ... ನೀನು ಚರಂಡಿಗೆ ಬಿದ್ದು ರಕ್ತ ಸುರಿಸಿಕೊಂಡು ಬಂದ ದಿನ ನಾನೂ ಅಂದುಕೊಂಡಿದ್ದೆ, ಈ ಹಲ್ಲು ಒಮ್ಮೆ ಬಿದ್ದು ಹೋಗ್ಲಿ ಅಂತ. ಹೆತ್ತವಳು ಹಾಗೆ ಅಂದುಕೊಂಡ ಮೇಲೆ ನಿನ್ನನ್ನು ಬಯ್ಯಲಿಕ್ಕೆ ಬಾಯಿ ಬರ್ಲಿಲ್ಲ."

"ಇಬ್ಬರೂ ಸೇರಿ ನನ್ನನ್ನು ಮಂಗ ಮಾಡಿದ್ದೀರಿ" ಎಂದಳು ಸೊಸೆ. ಸಿಟ್ಟಿನಿಂದಲೇ ಹೇಳಿದಳು. ಆದರೆ ಹಿಂದೆ ಹೋಗಿ, ತಾಯಿಯ ಕೈಯ ಖಾಲಿ ಬೊಂಡ ತೆಗೆದುಕೊಂಡು, ಅವಳ ಬಾಯಿಯ ಬದಿಗೆ ಇಳಿದಿದ್ದ ನೀರನ್ನು ತನ್ನ ಶಾಲಿನಲ್ಲಿ ಒರೆಸಿದಳು. ಬಹಳ ಹೊತ್ತು ಒರೆಸಿದಳು. ಅಷ್ಟು ನೀರು ಅಲ್ಲಿರಲಿಲ್ಲ.

ನಾನು ಅಕ್ಕನ ಹತ್ತಿರ ತಪ್ಪಾಯಿತು ಎಂದೆ. ಅವಳು ಹೇಳಿದಳು: "ನನಗೆ ಹೇಳಿ ಎಂತ ಪ್ರಯೋಜನ? ನನಗೆ ಗೊತ್ತಿದ್ದದ್ದೇ. ನೆಲ್ಯಾಡಿಗೆ ಹೋಗಿ ನನ್ನ ನಾದಿನಿಗೆ ಹೇಳು."

ಆ ಭಾನುವಾರ ಎಲ್ಲರೂ ನೆಲ್ಯಾಡಿಗೆ ಹೋದೆವು. ನಾದಿನಿ ಈಗ ಮಗನ ಮನೆಯಲ್ಲಿದ್ದಾಳೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ಸುತ್ತ ರಬ್ಬರು ತೋಟ. ಅವಳಿಗೆ ಕಿವಿ ಸ್ವಲ್ಪ ಮಂದ. ನಾನು ಎರಡು ಸಲ ಹೇಳಬೇಕಾಯಿತು, ಎರಡನೆಯ ಸಲ ಜೋರಾಗಿ. ರಬ್ಬರ್ ಶೀಟು ಒಣಗಿಸುತ್ತಿದ್ದ ಅವಳ ಮಗನೂ ಮಗನ ಹೆಂಡತಿಯೂ ಕೆಲಸ ನಿಲ್ಲಿಸಿ ಕೇಳಿದರು. ಅಕ್ಕ ಬೀಳಿಸಿದ್ದಲ್ಲ, ನಾನು ಚುಚ್ಚಿದ್ದು, ಹಲ್ಲು ಬರದ್ದು ಅದರಿಂದಲೂ ಅಲ್ಲ, ಅದು ನಮ್ಮ ಮನೆಯ ಹಲ್ಲಿನ ಗುಣ.

"ಅತ್ತಿಗೆ ಬೀಳಿಸಿದ್ದು ಅಂತ ನಾನು ಹೇಳಿದ್ದೇನಾ?" ಎಂದಳು ನಾದಿನಿ.

"ಹೇಳಿದ್ದೀಯಾ ಅಂತ ಕೇಳ್ತೀಯಲ್ಲ! ಒಂದು ಮದುವೆ ಊಟ ನೀನು ಬಿಟ್ಟಿದ್ದೀಯಾ ಅದನ್ನು ಹೇಳದೆ?" ಅಕ್ಕನ ಧ್ವನಿ ಅಷ್ಟು ದೊಡ್ಡದಾಗಿ ಕೇಳಿದ್ದು ನನಗೆ ನೆನಪಿಲ್ಲ.

"ನನಗೆ ನೆನಪೇ ಇಲ್ಲ ಅತ್ತಿಗೆ." ಅವಳು ನಿಜಕ್ಕೂ ಮರೆತಿದ್ದಳು. ಸ್ವಲ್ಪ ಯೋಚಿಸಿ ಅಕ್ಕನ ಕೈ ಹಿಡಿದು, "ಹೇಳಿದ್ರೆ ತಪ್ಪು. ಬಿಡಿ ನೀವು" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಎಲ್ಲಿ, ಮೀಸೆ ಎತ್ತಿ" ಎಂದಳು.

ಎತ್ತಿದೆ. ಅವಳ ಮಗನೂ ಬಂದು ನೋಡಿದ.

ಅಕ್ಕ ನಕ್ಕಳು. ಹೊಸದಾಗಿ ಸರಿಮಾಡಿಸಿದ ಸೆಟ್ಟು ಅಲುಗಾಡಲಿಲ್ಲ. ಅವಳ ಪಕ್ಕ ಕುಳಿತಿದ್ದ ಸೊಸೆ ಬಾಯಿಗೆ ಕೈ ಅಡ್ಡ ಹಿಡಿದೇ ನಕ್ಕಳು. ಆ ಅಭ್ಯಾಸ ಒಂದು ಎಕ್ಸ್‌ರೇಯಿಂದ ಹೋಗುವುದಲ್ಲ. ಚಹಾ ಬಂದಾಗ ಮಾತ್ರ ಕೈ ತೆಗೆದಳು. ಕಿಂಡಿ, ಅಕ್ಕಿಕಾಳಿನ ಹಲ್ಲು, ನಡುವಿನ ಹಲ್ಲಿನ ಮೇಲೆ ಆ ಕಂದು ಚುಕ್ಕೆ, ಎಲ್ಲ ಕಂಡವು.

"ಎಂತ ಮಾವ, ಹೀಗೆ ನೋಡುದು?"

"ಏನಿಲ್ಲ" ಎಂದೆ. "ಇಷ್ಟು ದಿನ ನೋಡಿರ್ಲಿಲ್ಲ."

"ನೋಡಿ, ನೋಡಿ" ಎಂದು ಅವಳು ನನ್ನ ಮುಂದೆ ಬಿಸ್ಕತ್ತಿನ ತಟ್ಟೆ ಸರಿಸಿದಳು.